ನೂರು ದಿನ

ಬೀದರಿನ ಚೌಬಾರಾ ಹಿಂದಿನ ಸಂದಿ,
ಘಾಳೆಪ್ಪನ ಛಾಪಖಾನಾ.
ಅಂವ ಟ್ರೆಡಲ್ ತುಳೀತಾನ, ನಾ ಮೊಳಿ ಜೋಡಸ್ತೀನಿ.
ಕಟಕ್ ಅನ್ನೋದು ಯಂತ್ರನೋ ಅವನ ಮಣಕಾಲೋ
ನಲವತ್ತು ವರ್ಷಕ್ಕೂ ತಿಳಿದಿಲ್ಲ.

ಗುಲ್ಜಾರ್ ತೈಲದ ಚೀಟಿ, ಐದು ಸಾವಿರ.
ಕನ್ನಡ, ಮರಾಠಿ ನನ್ನ ಕೈಯಾಗ,
ಉರ್ದು ಮಾತ್ರ ಬ್ಲಾಕು, ಹೈದರಾಬಾದಿನಿಂದ.
ನಡುವ ಬಡಿಗಿ ಒಗೆದು ಓಡೋ ಮುದುಕ,
ಎಡಗಾಲು ಸವೆದು ಹೋಗ್ಯದ,
ಈಗ ಒಂದ ಕಾಲಿನ ಮ್ಯಾಲೆ ಓಡ್ತಾನ.

"ಮೂರು ದಿನದಲ್ಲಿ ವಾತ ಖಲಾಸ್"
ಅಂತ ಬರೆದು ಕೊಟ್ಟಿದ್ದ ಜಹೀರುದ್ದೀನ್ ಸಾಬ.
ಮ ಅಕ್ಷರದ ಖಾನಿ ಮ್ಯಾಲಿನ ಸಾಲಿನಾಗ.
ಆ ಮುಂಜಾನಿ ನನ್ನ ಬಲ ಭುಜ ಏಳಲಿಲ್ಲ.
ನ ಕೈಗೆ ಹತ್ತಿರ ಇತ್ತು.

ಚೀಟಿ ಒಣಗಿ ಕಟ್ಟಾದ ಮ್ಯಾಲೆ ಸಾಬ ಓದಿದ:
ನೂರು ದಿನ.
ಬೈದ. ಕಾಗದದ ರೊಕ್ಕ ನಿಂದ ಅಂದ.
ಆದ್ರ ಹುಮನಾಬಾದ ಸಂತಿಗೆ ಗಾಡಿ ಹೊಂಟಿತ್ತು,
ಅದನ್ನ ಅಂಟಿಸಿಕೊಂಡು ಹೋದ.

ತಿಂಗಳಿಗೆ ಬಂದು ಸೀಸೆ ಒಂದು ಟೇಬಲ್ ಮ್ಯಾಲಿಟ್ಟ.
"ಮೂರು ಅಂದಾಗ ಒಬ್ಬನೂ ನಂಬಿರಲಿಲ್ಲ.
ನೂರು ಅಂದ್ರ, ಇಂವ ಖರೇ ಹೇಳ್ತಾನ ಅಂತ
ನಾಲ್ಕ ನಾಲ್ಕು ಒಯ್ತಾರ.
ಇನ್ನ ಹತ್ತು ಸಾವಿರ ಹೊಡಿ. ತಿದ್ದಬ್ಯಾಡ."

ಬಿರಡಿ ತಗದ್ವಿ. ಕರ್ಪೂರ, ಸಾಸಿವಿ ಎಣ್ಣಿ,
ತಳದಾಗ ಸ್ವಲ್ಪ ಘಾಸಲೇಟಿನ ವಾಸನಿ.
ಘಾಳೆಪ್ಪ ಮಣಕಾಲಿಗೆ, ನಾ ಭುಜಕ್ಕ.

ಇವತ್ತು ತೊಂಬತ್ತೊಂದು.
ನಾ ಎಣಸ್ತೀನಿ, ಘಾಳೆಪ್ಪ ನಗತಾನ.
ಮ ಇನ್ನೂ ಮ್ಯಾಲೇ ಅದ.