ಮೂರು ಗಡಿಕಲ್ಲು

ಫ್ಯಾರೋ ದ್ವೀಪ. ಸೆಪ್ಟೆಂಬರ್.
ಸೊಂಟದವರೆಗೆ ಸಮುದ್ರ.
ಅರವತ್ತೆರಡರ ಮಾರ್ಯುನ್
ಮೀನು ಕೊಯ್ದು ಬಿರಿದ ಕೈಗಳನ್ನು
ಎದೆಗೊತ್ತಿ ನಿಂತಿದ್ದಾಳೆ.
ಬೆನ್ನಿಗೆ ಕೈಕೊಟ್ಟವನು ಟ್ರೋಂದುರ್,
ಕುರಿಹೊಲದ ಮೂರು ಗಡಿಕಲ್ಲಿಗೆ
ಹನ್ನೊಂದು ವರ್ಷ ಮಾತು ಬಿಟ್ಟವನು.

"ನಂಬುತ್ತೀಯಾ?"
ಹಲ್ಲು ಕಟಕಟ.
ಹೂಂ ಅಂದದ್ದು ಚಳಿಯೋ, ಅವಳೋ.

ಮುಳುಗಿಸಿದ.
ಹಸಿರು ಕತ್ತಲು.
ಯಾರ ಹೆಸರೂ ನೆನಪಿಲ್ಲ,
ತನ್ನದೂ.

ಎದ್ದಳು. ಮೂಗಿನ ತುಂಬ ಉಪ್ಪು.
ಹೊಸ ಬಾಯಿಂದ ಹೊರಟ ಮೊದಲ ಮಾತು
ಹಳೆಯ ಬೈಗುಳ.
ದಡದ ಮೇಲಿನ ಕೀರ್ತನೆ ತಡವರಿಸಿತು.
ಟ್ರೋಂದುರ್ ನಕ್ಕುಬಿಟ್ಟ. ಆಮೇಲೆ ಅವಳೂ.

ಸೋಮವಾರ ಅದೇ ಏಪ್ರನ್, ಅದೇ ಚೂರಿ,
ಎಷ್ಟು ತೊಳೆದರೂ ಹೋಗದ ಅದೇ ವಾಸನೆ.
ಸಂಜೆ ಮಾತ್ರ, ಮನೆಗೆ ಹೋಗುವ ಮೊದಲು
ಹೊಲಕ್ಕೆ ಹತ್ತಿ
ಒಂದು ಕಲ್ಲನ್ನು
ತನ್ನ ಕಡೆಗೆ ಸರಿಸಿ ಬಂದಳು.

ಇನ್ನೆರಡಿವೆ.
ನೋಡೋಣ.