ತಲೆಲೆಕ್ಕ

ಕರ್ಸ್ಟಿ ನನ್ನ ಕೈಗೊಂದು ಎಣಿಸುವ ಯಂತ್ರ ಕೊಟ್ಟಿದ್ದಾಳೆ.
ಹೆಬ್ಬೆರಳು ಒತ್ತಿದರೆ ಟಿಕ್, ಒಂದು ತಲೆ.
"ವಾರಕ್ಕೆ ಒಂದೇ ಸಂಜೆ, ವಾಟೀ. ಮ್ಯಾಚಿನ ಮುನ್ನಾದಿನ ಬೇಡ,
ಮಾರನೆಯ ದಿನವೂ ಬೇಡ. ಯಾರು ಎಷ್ಟು ಸಲ, ಬರೆದಿಡು."
ಲ್ಯಾನಾರ್ಕ್‌ಶೈರಿನ ಈ ಮೈದಾನದಲ್ಲಿ
ಐವತ್ತು ವರ್ಷ ಅಂಗಿ ಒಗೆದವನು ನಾನು, ಚೆಂಡಿಗೆ ಗಾಳಿ ತುಂಬಿದವನು;
ಲೆಕ್ಕ ಬರೆ ಅಂತ ಯಾರೂ ಹೇಳಿರಲಿಲ್ಲ.

ಹುಡುಗರಿಗೆ ಸಿಟ್ಟು.
ಹೊಸ ಡಿಫೆಂಡರ್ ಫಿನ್ಲೆ, ಹತ್ತೊಂಬತ್ತು ವರ್ಷ, ಎತ್ತಿನಂಥ ಕತ್ತು,
"ಅಡುಗೆಯವನಿಗೆ ಉಪ್ಪು ನೋಡಬೇಡ ಅಂದ ಹಾಗಾಯ್ತು" ಅನ್ನುತ್ತಾನೆ.
ಕರ್ಸ್ಟಿ ತಲೆ ಕೆಡಿಸಿಕೊಳ್ಳುವುದಿಲ್ಲ.
ಅವರ ತಲೆ ಕೆಡದಿರಲೆಂದೇ ಅವಳಿರುವುದು.

ಶನಿವಾರ ಬೆಳಿಗ್ಗೆ ಚಿಕ್ಕ ಮಕ್ಕಳು ಬರುತ್ತಾರೆ, ಅವರಿಗಂತೂ ಪೂರ್ತಿ ನಿಷೇಧ.
ಮೇಲಿಂದ ಬರುವ ಚೆಂಡಿಗೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾರೆ,
ಅದು ನೆಲ ಮುಟ್ಟುವ ತನಕ ಕಾಯುತ್ತಾರೆ,
ಹಿರಿಯರು ಕೂರಲಿ ಎಂದು ನಿಂತವರ ಹಾಗೆ.

ಎಕ್ ಡನ್ಸ್‌ಮೋರ್ ಹೆಸರು ಅವರಾರೂ ಕೇಳಿಲ್ಲ.
ಹಗಲು ಉಕ್ಕಿನ ಕುಲುಮೆ, ಸಂಜೆ ನಮ್ಮ ಮೈದಾನ.
ಆಟಕ್ಕಿಳಿಯುವ ಮುಂಚೆ, ಕಟ್ಟಿಸಿದ ನಾಲ್ಕು ಮುಂದಿನ ಹಲ್ಲು ತೆಗೆದು
ಕರವಸ್ತ್ರದಲ್ಲಿ ಸುತ್ತಿ ನನ್ನ ಕೈಗಿಡುತ್ತಿದ್ದ:
"ಜೋಪಾನ, ಮರಿ. ಕಳೆದರೆ ನೆಟ್ಟಾ
ಉಳಿದ ಹಲ್ಲೂ ಉದುರಿಸುತ್ತಾಳೆ."

ಆಮೇಲೆ ಮಂಜಿನೊಳಗಿಂದ ಕಾರ್ನರ್ ಬರುತ್ತಿತ್ತು.
ಎಕ್ ಏಳುತ್ತಿದ್ದ.
ಎಲ್ಲರೂ ಇಳಿದ ಮೇಲೂ ಒಂದು ಗಳಿಗೆ ಅಲ್ಲೇ ಇರುತ್ತಿದ್ದ,
ಇಳಿಯಲು ಮರೆತವನ ಹಾಗೆ.
ಧಪ್.
ಆ ಸದ್ದು ತಗಡಿನ ಚಾವಣಿಗೆ ಬಡಿದು ನಮ್ಮೆದೆಗೆ ಬರುತ್ತಿತ್ತು.
ಸುಳ್ಳೇಕೆ, ಈಗಲೂ ಬೇಕು ನನಗೆ ಆ ಸದ್ದು.

ಸ್ಟ್ಯಾಂಡಿನ ಕೆಳಗೆ ತೊಲೆಗೆ ಹಗ್ಗ ಬಿಗಿದು ಚೆಂಡು ತೂಗುಬಿಟ್ಟಿದ್ದರು.
ನೆನೆದ ಚರ್ಮ; ರಾತ್ರಿಯಿಡೀ ಬಾಯ್ಲರಿನ ಪಕ್ಕ ಇಟ್ಟರೂ
ಒಳಗಿನ ತೇವ ಬಿಡದು, ಹಾಲುಂಡ ಕೂಸಿನ ಭಾರ.
ನಾನು ದೂಡುವುದು, ಅವನು ಗುದ್ದುವುದು,
ತೊಟ್ಟಿಲು ತೂಗಿದ ಹಾಗೆ.
ಮಂಗಳವಾರ ಐವತ್ತು, ಗುರುವಾರ ಐವತ್ತು.
"ಇನ್ನೊಂದು" ಅನ್ನುತ್ತಿದ್ದ. "ಇನ್ನೂ ಜೋರಾಗಿ, ಮರಿ."
ದೂಡಿದೆ.

ಮೊನ್ನೆ ರಾತ್ರಿ, ಒಗೆಯುವ ಯಂತ್ರ ತಿರುಗುತ್ತಿರಲು,
ಸೋಪಿನ ಡಬ್ಬದ ಮೇಲೆ ಗುಣಿಸಿದೆ:
ವಾರಕ್ಕೆ ನೂರು, ವರ್ಷಕ್ಕೆ ನಲವತ್ತು ವಾರ, ಹನ್ನೊಂದು ವರ್ಷ.
ಮೊತ್ತದ ಕೆಳಗೆ ಗೆರೆ ಎಳೆಯಲು ಕೈ ಬರಲಿಲ್ಲ.
ಮ್ಯಾಚುಗಳನ್ನು ಇನ್ನೂ ಕೂಡಿಸಿರಲಿಲ್ಲ.

ಭಾನುವಾರ ಅವನಿರುವ ಆರೈಕೆ ಮನೆಗೆ ಹೋಗುತ್ತೇನೆ.
ನೆಟ್ಟಾ ಅವನ ಕಾಲರು ಸರಿಮಾಡುತ್ತಾಳೆ.
"ಈಕೆ ಯಾರು? ಒಳ್ಳೆಯವಳು" ಅನ್ನುತ್ತಾನೆ ನನಗೆ.
ಐವತ್ತಾರು ವರ್ಷದ ಹೆಂಡತಿ
"ಪರಿಚಯದವಳು" ಅನ್ನುತ್ತಾಳೆ.
ಚೆಂಡಿನಿಂದಲೇ ಎಂದು ಡಾಕ್ಟರು ಹೇಳಿಲ್ಲ, ಅಲ್ಲವೆಂದೂ ಹೇಳಿಲ್ಲ.
ನೆಟ್ಟಾ ನನ್ನನ್ನು ಏನೂ ಕೇಳಿಲ್ಲ.
ಕೇಳಿದ್ದರೆ ಹಗುರವಾಗುತ್ತಿತ್ತು.

ಈ ಸಲ ನಾನು ಹೋದಾಗ ಅಲ್ಲಿ ವ್ಯಾಯಾಮದ ಹೊತ್ತು:
ಸುತ್ತ ಕುರ್ಚಿಗಳು, ನಡುವೆ ಒಂದು ಹಳದಿ ಬಲೂನು.
ಕೈಯಿಂದ ತಟ್ಟಿ ಪಕ್ಕದವರಿಗೆ ದಾಟಿಸಬೇಕು, ಅಷ್ಟೆ.
ಅದು ಮೇಲಿಂದ ನಿಧಾನ ಇಳಿಯತೊಡಗಿತು.
ಎಕ್ ನೋಡಿದ.
ಬಾಯಿಗೆ ಬೆರಳಿಟ್ಟು ಹಲ್ಲಿನ ಸೆಟ್ಟು ತೆಗೆದ,
ಬೆಚ್ಚಗಿನ ಒದ್ದೆ ಹಲ್ಲು ನನ್ನ ಅಂಗೈಯಲ್ಲಿಟ್ಟ.
"ಜೋಪಾನ, ಮರಿ."

ಎದ್ದ. ಕುರ್ಚಿಯ ಕೈ ಹಿಡಿಯದೆ ಎದ್ದ.
ಹಿಮ್ಮಡಿ ನೆಲ ಬಿಟ್ಟಿದ್ದು ಎರಡು ಬೆರಳಷ್ಟು.
ಕತ್ತು ಹಿಂದೆ ಹೋಯಿತು, ಹಣೆ ಮುಂದೆ ಬಂತು.

ಸದ್ದೇ ಇಲ್ಲ.
ಬಲೂನು ಕಿಟಕಿಯ ಕಡೆ ತೇಲಿತು, ಯಾರೋ ಚಪ್ಪಾಳೆ ತಟ್ಟಿದರು,
ನೆಟ್ಟಾ ಮುಖ ಅತ್ತ ತಿರುಗಿಸಿದಳು.

ನನ್ನ ಎಡಗೈಯಲ್ಲಿ ಹಲ್ಲು. ಬಲಗೈ ಕೋಟಿನ ಜೇಬಿನಲ್ಲಿ,
ಹೆಬ್ಬೆರಳಿನಡಿ ಯಂತ್ರ.
"ಇನ್ನೊಂದು" ಅಂದ ಎಕ್, ನನ್ನತ್ತ ತಿರುಗಿ.
ಬಲೂನು ಗೋಡೆಗೆ ತಾಗಿ ಮರಳಿ
ನನ್ನ ಮೊಣಕಾಲ ಬಳಿ ಬಂದು ನಿಂತಿದೆ.