ಆ ಬೇರಿನ ಹೆಸರು

ವಾರ್ಡಿನಲ್ಲಿ ಪಕ್ಕದ ಮಂಚದ ಹರಪನಹಳ್ಳಿಯವಳು
ಮೂಸಂಬಿ ಸುಲಿಯುತ್ತಾ ಹೇಳಿದಳು:
ಯಾರಿಗೋ ಚೀನಾದ ಕಷಾಯದಿಂದ ರಕ್ತ ತಿಳಿಯಾಯಿತಂತೆ.
ಯಾರಿಗೆ, ಯಾವೂರು, ಈಗ ಹೇಗಿದ್ದಾರೆ,
ನಾನು ಕೇಳಲಿಲ್ಲ.
ಕೇಳಿದರೆ ಎಲ್ಲಿ ಸುಳ್ಳಾಗುತ್ತದೋ ಎಂದು.

ಚೌಕಿಪೇಟೆ, ಪಂಪಣ್ಣನ ಗ್ರಂಧಿಗೆ ಅಂಗಡಿ.
ಅಳಲೆಕಾಯಿ, ಹಿಪ್ಪಲಿ, ಬಜೆ, ಅತಿಮಧುರ,
ಡಬ್ಬಿ ಡಬ್ಬಿಯ ಮೇಲೂ ನನ್ನವನ ಕೈಬರಹ.
ಫ್ಲೆಕ್ಸು ಬರುವ ಮುಂಚೆ ದಾವಣಗೆರೆಯ ಅರ್ಧ ಬೋರ್ಡು
ರುದ್ರೇಶಿಯದೇ.
"ಚೀನಾದ್ದಾ?" ಪಂಪಣ್ಣ ತಕ್ಕಡಿಯ ತಟ್ಟೆ ಒರೆಸಿದ.
"ಗುಣ ಆಗ್ತೈತಿ ಅಂತ ನಾ ಹೇಳಲ್ಲ ತಾಯಿ.
ತರಿಸಿ ಕೊಡ್ತೀನಿ, ಅಷ್ಟೇ."

ಇಪ್ಪತ್ತು ದಿನಕ್ಕೆ ಬಂತು, ಕಲ್ಕತ್ತಾದಿಂದ,
ಲಾರಿ ಆಫೀಸಿನ ಮೂಲೆಯಲ್ಲಿ ಅರಳೆಯ ಧೂಳು ಹೊದ್ದು.
ಸುಕ್ಕುಗಟ್ಟಿದ ಕೆಂಪು ಹಣ್ಣು,
ಡಾಕ್ಟರು ನಾಲಿಗೆ ಒತ್ತುವ ಕಡ್ಡಿಯಂಥ ಹಳದಿ ಬೇರು,
ಓಮಿನಕಾಳಿನ ಹಾಗೆ ಮೂಗಿಗೆ ಬಡಿಯುವ ಕಂದು ಚೂರು.
ಜೊತೆಗೊಂದು ಚೀಟಿ. ಒಂದಕ್ಷರ ತಿಳಿಯದು.

ಅವನು ದಿಂಬಿಗೆ ಒರಗಿ ಚೀಟಿಯನ್ನು ಬೆಳಕಿಗೆ ಹಿಡಿದ.
"ಬರೆದೋನ ಕೈ ಪಳಗೈತಿ ಕಣೇ.
ನೋಡು, ಗೆರೆ ಎಲ್ಲಿ ದಪ್ಪ, ಎಲ್ಲಿ ತೆಳು.
ಕುಂಚ ಎತ್ತುವಾಗ ಉಸಿರು ಹಿಡಿದಾನೆ."
ಮೂರು ವಾರದಲ್ಲಿ
ಅನ್ನದ ಬಗ್ಗೆಯೂ ಅವನು ಇಷ್ಟು ಮಾತಾಡಿರಲಿಲ್ಲ.

ಓದುವವರು ಯಾರು?
ಮಂಡಕ್ಕಿ ಭಟ್ಟಿಯ ಇಮಾಂಸಾಬರ ಮೊಮ್ಮಗಳು ತಸ್ನೀಮ್
ಚೀನಾದಲ್ಲಿ ಡಾಕ್ಟರಿಕೆ ಓದಿ ಬಂದವಳು,
ಇಲ್ಲಿಯ ಪರೀಕ್ಷೆಗೆ ಮೂರನೇ ಸಲ ಕಟ್ಟಿದ್ದಾಳೆ.
ಹೊಟ್ಟಿನ ಹೊಗೆಯಲ್ಲಿ ಕೆಮ್ಮುತ್ತಾ
ಮಸಿ ಹಿಡಿದ ಬಾಗಿಲ ಬಳಿ ಚೀಟಿ ಬಿಡಿಸಿದಳು.
"ಇದು ಸಿಹಿ ಹುಲ್ಲು. ನಮ್ಮ ಅತಿಮಧುರಾನೇ ಅಕ್ಕಾ."
ನಕ್ಕುಬಿಟ್ಟೆ. ಪಂಪಣ್ಣನ ಮೂರನೇ ಸಾಲಿನಲ್ಲಿ ಇದ್ದದ್ದೇ
ಕಲ್ಕತ್ತಾ ಸುತ್ತಿ ಬಂದಿತ್ತು.
"ಇದು ಹಳದಿ ಹಿರಿಯ. ಇದು..."
ಬೆರಳು ನಿಂತಿತು.
"ಇದರ ಹೆಸರಿಗೆ ಅರ್ಥ, ಮರಳಿ ಬರಬೇಕು."
ಯಾರು, ಎಂದೆ.
"ಯಾರೋ. ಮನೆ ಬಿಟ್ಟು ಹೋದವರು."
ಆಮೇಲೆ ದನಿ ಬದಲಾಯಿತು:
"ಇದನ್ನ ಮಾತ್ರ ಕೊಡಬ್ಯಾಡಿ. ರಕ್ತ ತೆಳ್ಳಗಾಗ್ತೈತಿ.
ಪ್ಲೇಟ್‌ಲೆಟ್ ಎಷ್ಟದಾವು ಅವರಿಗೆ?
ಉಳಿದದ್ದೂ ಮೇಡಂಗೆ ತೋರಿಸದೆ ಒಲೆಗೆ ಇಡಬ್ಯಾಡಿ."

ಆಗಲೇ ಎರಡು ರಾತ್ರಿ ಕೊಟ್ಟಾಗಿತ್ತು ಎಂದು
ನಾನು ಬಾಯಿ ಬಿಡಲಿಲ್ಲ.
ಮೂರು ಲೋಟ ಒಂದಾಗುವ ತನಕ ಕುದಿಸಿ,
ಅತ್ತೆ ಶುಂಠಿ ಕಷಾಯ ಇಳಿಸುತ್ತಿದ್ದ ಲೆಕ್ಕದಲ್ಲೇ.
ಬೆಳಗ್ಗೆ ಅವನು ಬಾಯಿ ಮುಕ್ಕಳಿಸಿದ ನೀರು
ಗುಲಾಬಿಯಾಗಿತ್ತು.
ಬೀಟ್‌ರೂಟಿರಬೇಕು ಅಂದುಕೊಂಡೆ.
ಮನೆಯಲ್ಲಿ ಬೀಟ್‌ರೂಟು ಇರಲೇ ಇಲ್ಲ.

ಮೇಡಂ ಮೇಜಿನ ಮೇಲೆ ಪೊಟ್ಟಣಗಳನ್ನು
ಕಳ್ಳಮಾಲಿನ ಹಾಗೆ ಸುರಿದೆ. ಎರಡು ರಾತ್ರಿಯ ಮಾತನ್ನೂ.
ಬೈಯಲಿಲ್ಲ. ಒಂದೊಂದರ ಹೆಸರು ಕೇಳಿ ಬರೆದುಕೊಂಡರು.
"ಈ ಸುತ್ತು ಮುಗಿಯಲಿ. ಯಾವುದೂ ಬೇಡ. ಆಮೇಲೆ ನೋಡೋಣ."
ಆ 'ಆಮೇಲೆ'ಯನ್ನು ಸೆರಗಿಗೆ ಕಟ್ಟಿಕೊಂಡು
ಪಿ.ಬಿ. ರಸ್ತೆಯುದ್ದಕ್ಕೂ ನಡೆದೇ ಬಂದೆ,
ಆಟೋಗೆ ದುಡ್ಡಿದ್ದರೂ.

ಅವತ್ತು ರಾತ್ರಿ ಅವನು ಬಣ್ಣ ಕೇಳಿದ.
ಹಳೇ ಎನಾಮಲ್ಲು, ಮೇಲೆ ಕೆನೆಗಟ್ಟಿತ್ತು. ಕಡ್ಡಿಯಲ್ಲಿ ಸರಿಸಿದೆ.
ಅಡುಗೆಮನೆ ಬಾಗಿಲಿನ ಒಳಮೈಗೆ,
ಬಲಗೈ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದು,
ಎರಡೇ ಅಕ್ಷರ ಬರೆದ,
ಕುಡಿಯಬಾರದ ಆ ಬೇರಿನ ಹೆಸರು.
ಮುಗಿಸುವಷ್ಟರಲ್ಲಿ ಬನಿಯನ್ನು ಒದ್ದೆ.
"ಬೋರ್ಡಿಗೆ ಎಷ್ಟು ಕೇಳ್ಲಿ?" ಅಂದ.

ಮೊನ್ನೆ ತಸ್ನೀಮ್ ಬಂದಿದ್ದಳು,
ಪಾಸಾದ ಸುದ್ದಿ, ಒಂದು ಚೀಲ ಬಿಸಿ ಮಂಡಕ್ಕಿ.
ಬಾಗಿಲು ನೋಡಿ, ಬೆರಳಲ್ಲಿ ಎಣಿಸಿ,
"ಹನ್ನೊಂದು ಗೆರೆ ಇರಬೇಕು ಅಕ್ಕಾ. ಒಂದು ಕಮ್ಮಿ ಐತಿ.
ಹಾಕ್ಲಾ?"

ಬೇಡ ಎಂದು
ಟೀಗೆ ಹಾಲಿಡಲು ತಿರುಗಿದೆ.
ಪಾತ್ರೆ ಈಗ ಸಣ್ಣದು.
ಬೇಗ ಉಕ್ಕುತ್ತದೆ.